ಬುಲೆಟ್‌ಪ್ರೂಫ್ ಗಾಡಿಯಲ್ಲಿ ಮೂರು ಬೇಸಿಗೆ

ಮೊದಲೇ ಹೇಳಿಬಿಡುತ್ತೇನೆ, ಗುಂಡು ತಡೆಯುತ್ತಾ ಅಂತ ನೋಡುವ ಯೋಗ ನನಗೆ ಬಂದಿಲ್ಲ, ಬರುವುದೂ ಬೇಡ. ನನ್ನ ಜಗಳ ಕಿಟಕಿ ಜೊತೆ.

ಗಾಡಿ ಮಾವನದು. ಅದಿರು ಲಾರಿ ವ್ಯವಹಾರ ಜೋರಿದ್ದಾಗ ಸೆಕೆಂಡ್‌ಹ್ಯಾಂಡಲ್ಲಿ ತಂದರು. ಯಾರ ಭಯ ಅಂತ ಕೇಳಿದರೆ ಸುಮ್ನೆ ನಗುತ್ತಾರೆ. ಓಡಿಸುವವನು ನಾನು, ಬಳ್ಳಾರಿಯಿಂದ ಸಂಡೂರಿಗೆ, ವಾರಕ್ಕೆ ನಾಲ್ಕು ಸಲ. ಎಕೆ-47 ಗುಂಡಿಗೂ ಜಗ್ಗದ ದರ್ಜೆಯಂತೆ, ಗ್ಲಾಸೇ ಸುಮಾರು 4 ಸೆಂ.ಮೀ. ದಪ್ಪ. ಡ್ರೈವರ್ ಕಡೆಯದು ನಾಲ್ಕು ಬೆರಳು ಇಳಿದು ನಿಲ್ಲುತ್ತದೆ. ಉಳಿದವು ಅಲ್ಲಾಡುವುದೇ ಇಲ್ಲ.

ಬೆಳಿಗ್ಗೆ ತೋರಣಗಲ್ಲಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಳ್ಳುವುದು ನನ್ನ ರೂಢಿ. ನಾಲ್ಕು ಬೆರಳ ಸಂದಿಯಲ್ಲಿ ಪೊಟ್ಟಣ ತೂರುವುದಿಲ್ಲ. ಅಂಗಡಿ ಹುಡುಗ ಮಿರ್ಚಿಯನ್ನು ತೊಟ್ಟು ಹಿಡಿದು ಒಂದೊಂದೇ ಒಳಗೆ ಬಿಡುತ್ತಾನೆ, ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ. ಮಂಡಕ್ಕಿಗೆ ಬಾಗಿಲು ತೆಗೆಯಲೇಬೇಕು. ಆ ಬಾಗಿಲೋ, ಸಿಮೆಂಟ್ ಮೂಟೆಗಿಂತ ಭಾರ. ಇಳಿಜಾರಲ್ಲಿ ತಾನೇ ಬಂದು ಬಡಿಯುತ್ತದೆ. ಮಾವನ ಹೆಬ್ಬೆರಳ ಉಗುರು ಹೋಗಿದ್ದು ಹಾಗೆ.

ಇನ್ನು ನಮ್ಮ ಬಿಸಿಲು ಗೊತ್ತಲ್ಲ. ಇದು ಗಾಜಿನ ಪದರಕ್ಕೆ ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಪದರ ಅಂಟಿಸಿದ ಗ್ಲಾಸು. ಕಾದಾಗ ಎರಡೂ ಒಂದೇ ಅಳತೆಗೆ ಹಿಗ್ಗುವುದಿಲ್ಲ. ಎರಡನೇ ಬೇಸಿಗೆಗೇ ಅಂಚೆಲ್ಲ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿತು. ರಾತ್ರಿ ಎದುರು ಲಾರಿಯ ಲೈಟು ಒಂದಕ್ಕೆ ನಾಲ್ಕಾಗಿ ಕಾಣುತ್ತದೆ. ಬದಲಿ ಗ್ಲಾಸಿಗೆ ಹೇಳಿದ ರೇಟಲ್ಲಿ ಹಳೇ ಆಲ್ಟೋ ಒಂದು ಬರುತ್ತದೆ. ತೂಕ ಜಾಸ್ತಿ, ಬ್ರೇಕ್ ಪ್ಯಾಡು ಬೇಗ ಸವೆಯುತ್ತದೆ. ಡೀಸೆಲ್ ಮಾತು ಬೇಡ. ಪಲ್ಟಿಯಾದರೆ ಜನ ಕಲ್ಲಲ್ಲಿ ಗ್ಲಾಸು ಒಡೆದು ನಮ್ಮನ್ನು ಎಳೆಯುವ ಹಾಗೂ ಇಲ್ಲ.

ನನ್ನ ತಮ್ಮ ಟೆಸ್ಲಾ ಕಂಪನಿಯ ಎಲೆಕ್ಟ್ರಿಕ್ ಪಿಕಪ್ ಸೈಬರ್‌ಟ್ರಕ್‌ನ ವಿಡಿಯೊ ತೋರಿಸಿ ಆಸೆಪಡುತ್ತಾನೆ. ಅದರ ಸ್ಟೀಲ್ ಬಾಗಿಲು ಕೆಲವು ಪಿಸ್ತೂಲು ಗುಂಡು ತಡೆದಿದೆ, ನಿಜ. ಗ್ಲಾಸು ಮಾತ್ರ ಬುಲೆಟ್‌ಪ್ರೂಫ್ ಅಲ್ಲ. 2019ರಲ್ಲಿ ವೇದಿಕೆ ಮೇಲೇ ಲೋಹದ ಚೆಂಡು ಎಸೆದಾಗ ಬಿರುಕು ಬಿಟ್ಟಿತ್ತು. ನಮ್ಮ ತಲೆ ಇರುವುದು ಗ್ಲಾಸಿನ ಮಟ್ಟದಲ್ಲೇ ಅಲ್ವಾ?

ಆದರೆ ಬಾಗಿಲು ಮುಚ್ಚಿದರೆ ಅದಿರು ಲಾರಿಗಳ ಹಾರ್ನ್ ಪಕ್ಕದೂರಲ್ಲಿ ಹೊಡೆದಂತೆ ಕೇಳುತ್ತದೆ. ಕೆಂಪು ಧೂಳು ಒಳಗೆ ಸುಳಿಯುವುದಿಲ್ಲ. ಬೇರೆ ಗಾಡಿಯಲ್ಲಿ ದಾರಿಯುದ್ದಕ್ಕೂ ಕೆಮ್ಮುವ ನಮ್ಮಜ್ಜಿ ಇದರಲ್ಲಿ ಸಂಡೂರಿನವರೆಗೂ ಗೊರಕೆ ಹೊಡೆಯುತ್ತಾಳೆ. ಹೋದ ತಿಂಗಳು ಮಾವ ಮಾರಿಬಿಡೋಣ ಅಂದಾಗ ಅಡ್ಡ ಬಂದವಳೂ ಅವಳೇ. “ಮಾರಬ್ಯಾಡ್ರಪ್ಪ, ಇದ್ರಾಗ ನಿದ್ದಿ ಚಲೋ ಬರ್ತೈತಿ.”