ಮಕ್ಕಳ ಬಿಎಂಐ ಕ್ಯಾಲ್ಕುಲೇಟರ್: ಲೆಕ್ಕ ಸರಿ, ತೀರ್ಪು ಅರ್ಧ

ಆನ್‌ಲೈನ್ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಅಂಕಿ) ಕ್ಯಾಲ್ಕುಲೇಟರ್ ತೆರೆದ ಕೂಡಲೇ ನೋಡಬೇಕಾದದ್ದು ಒಂದೇ: ಮಗುವಿನ ವಯಸ್ಸು ಮತ್ತು ಲಿಂಗ ಕೇಳುತ್ತದೆಯೇ? ಕೇಳದಿದ್ದರೆ ಅದು ದೊಡ್ಡವರ ಲೆಕ್ಕ, ಮುಚ್ಚಿಬಿಡಿ.

ಎತ್ತರದಲ್ಲಿ ಎಡವಿದರೆ ಉತ್ತರವೂ ಎಡವುತ್ತದೆ, ಏಕೆಂದರೆ ತೂಕವನ್ನು ಭಾಗಿಸುವುದು ಎತ್ತರದ ವರ್ಗದಿಂದ (ಮೀಟರ್‌ನಲ್ಲಿ ಎತ್ತರ × ಎತ್ತರ). 35 ಕೆ.ಜಿ., 130 ಸೆಂ.ಮೀ. ಇರುವ ಮಗುವಿನ ಬಿಎಂಐ 20.7. ಚಪ್ಪಲಿ ಸಮೇತ ಅಳೆದು 132 ಎಂದು ತುಂಬಿದರೆ 20.1. ಬರಿಗಾಲು, ಗೋಡೆಗೆ ತಾಗಿದ ಹಿಮ್ಮಡಿ, ನೇರ ನೋಟ. ಎರಡು ಸಲ ಅಳೆಯಿರಿ.

ನಿಜವಾದ ಕೊರತೆ ಬೇರೆಯೇ ಇದೆ. ಸಾಮಾನ್ಯವಾಗಿ ಈ ಕ್ಯಾಲ್ಕುಲೇಟರ್‌ಗಳು 85ನೇ ಪರ್ಸೆಂಟೈಲ್ (ಅದೇ ವಯಸ್ಸು, ಲಿಂಗದ 100 ಮಕ್ಕಳಲ್ಲಿ 85 ಮಂದಿಯ ಬಿಎಂಐ ಇದಕ್ಕಿಂತ ಕಡಿಮೆ ಇರುವ ಗೆರೆ) ದಾಟಿದರೆ ಅಧಿಕ ತೂಕ, 95 ದಾಟಿದರೆ ಬೊಜ್ಜು ಎನ್ನುತ್ತವೆ, ಜನಾಂಗ ಕೇಳುವುದಿಲ್ಲ. ಒಂದೇ ಬಿಎಂಐ ಇದ್ದರೂ ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಯುರೋಪ್ ಮೂಲದವರಿಗಿಂತ ಕೊಬ್ಬು ಹೆಚ್ಚು, ಆಫ್ರಿಕಾ ಮೂಲದವರಲ್ಲಿ ಸರಾಸರಿ ಕಡಿಮೆ. ಹಾಗೆಂದು ಆಫ್ರಿಕಾ ಮೂಲದ ಮಕ್ಕಳು ಟೈಪ್ 2 ಮಧುಮೇಹದಿಂದ ಪಾರು ಎಂದಲ್ಲ. ಇನ್ಸುಲಿನ್ ಪ್ರತಿರೋಧ (ಸಕ್ಕರೆ ನಿಯಂತ್ರಿಸುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಅವರಲ್ಲೂ ಹೆಚ್ಚೇ. (ಕೊಬ್ಬಿನ ಲೆಕ್ಕವೊಂದನ್ನೇ ನಂಬುವವರು ಮುಗ್ಗರಿಸುವುದು ಇಲ್ಲೇ.) ಭಾರತೀಯ ಮಕ್ಕಳಿಗಾಗಿ 2015ರಲ್ಲಿ ಬಂದ ಚಾರ್ಟ್ ಅಧಿಕ ತೂಕ ಮತ್ತು ಬೊಜ್ಜಿಗೆ ವಯಸ್ಕರ ಬಿಎಂಐ 23 ಮತ್ತು 27ಕ್ಕೆ ಸಮನಾದ ಗೆರೆಗಳನ್ನು ಹಾಕಿದೆ, 25 ಮತ್ತು 30ಕ್ಕಲ್ಲ. ಆ ಆಯ್ಕೆ ಕೊಡುವ ಕ್ಯಾಲ್ಕುಲೇಟರ್‌ಗೇ ನಮ್ಮ ಮತ.

ಜೊತೆಗೊಂದು ಟೇಪ್ ಇರಲಿ: ಸೊಂಟದ ಸುತ್ತಳತೆ ಎತ್ತರದ ಅರ್ಧ ಮೀರಬಾರದು. 85ನೇ ಪರ್ಸೆಂಟೈಲ್ ದಾಟಿದ ಮಗುವಿಗೆ ಕತ್ತಿನ ಹಿಂದೆ ಕಪ್ಪಾಗಿ ದಪ್ಪಗಾದ ಚರ್ಮ, ಅಥವಾ ಮಗು ಹೊಟ್ಟೆಯಲ್ಲಿದ್ದಾಗ ತಾಯಿಗೆ ಮಧುಮೇಹ ಇದ್ದಿದ್ದರೆ, 10ನೇ ವಯಸ್ಸಿನಿಂದ ಮಧುಮೇಹದ ರಕ್ತಪರೀಕ್ಷೆ ಬೇಕು; ಪ್ರೌಢಾವಸ್ಥೆ ಮೊದಲೇ ಶುರುವಾದರೆ ಆಗಲೇ.