ಎಂಐಟಿಯ ಪರ್ಫಾರ್ಮೆನ್ಸ್ ಕೋರ್ಸ್ ನಮ್ಮ ಕಲಬುರಗಿ ಲ್ಯಾಬಿನಲ್ಲಿ

ಕೋಡ್ ಓಡಿದರೆ ಸಾಕು, ಮಾರ್ಕ್ಸ್ ಬಂತು. ನಮ್ಮ ಲ್ಯಾಬ್ ಪರೀಕ್ಷೆಗಳು ಇಷ್ಟಕ್ಕೇ ನಿಲ್ಲುತ್ತವೆ. ಎಷ್ಟು ಹೊತ್ತು ಓಡಿತು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಐದನೇ ಸೆಮಿಸ್ಟರಿನ ಮಕ್ಕಳಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಹಾಕುವ ಓಪನ್‌ಕೋರ್ಸ್‌ವೇರ್ ತಾಣದಿಂದ 6.172 ಕೋರ್ಸ್, ಅಂದರೆ ಪ್ರೋಗ್ರಾಮ್ ವೇಗವಾಗಿ ಓಡುವಂತೆ ಬರೆಯುವುದನ್ನು ಕಲಿಸುವ ಕೋರ್ಸ್, ತೋರಿಸಲು ಶುರು ಮಾಡಿದೆ. 2018ರಲ್ಲಿ ಚಾರ್ಲ್ಸ್ ಲೈಸರ್ಸನ್ ಮತ್ತು ಜೂಲಿಯನ್ ಶನ್ ಮಾಡಿದ ಪಾಠ. ವಿಡಿಯೋ, ಸ್ಲೈಡ್ ಎಲ್ಲಾ ಪುಕ್ಕಟೆ.

ಮೊದಲ ಪಾಠವೇ ಬಂಗಾರ. 4096 ಸಾಲು, 4096 ಕಾಲಮಿನ ಎರಡು ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಗುಣಿಸಬೇಕು. ಪೈಥಾನ್‌ನಲ್ಲಿ ಸುಮಾರು 6 ತಾಸು, ಸಿ ಭಾಷೆಯಲ್ಲಿ ಸುಮಾರು 19 ನಿಮಿಷ. ಬರೀ ಲೂಪುಗಳ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಕ್ರಮ ಬದಲಿಸಿದರೆ 3 ನಿಮಿಷ! ಹೀಗೇ ಒಂದೊಂದಾಗಿ ಸುಧಾರಿಸುತ್ತಾ ಹೋದರೆ ಕೊನೆಗೆ ಅರ್ಧ ಸೆಕೆಂಡಿಗೂ ಕಡಿಮೆ.

ನಮ್ಮ ಲ್ಯಾಬಿನಲ್ಲಿ ಸಣ್ಣ ಮ್ಯಾಟ್ರಿಕ್ಸ್ ಹಿಡಿದು ಇದನ್ನೇ ಮಾಡಿಸಿದೆ. "ಮೇಡಂ, ಬರೇ ಎರಡು ಲೈನ್ ಹಿಂದ ಮುಂದ ಮಾಡೀನ್ರಿ, ಇಷ್ಟು ಫಾಸ್ಟ್ ಹೆಂಗಾತ್ರಿ?" ಅಂತ ಒಬ್ಬ ಹುಡುಗಿ ಎದ್ದು ನಿಂತಳು. ಆಗ ಬೋರ್ಡಿನ ಮೇಲೆ ಕ್ಯಾಶ್ (cache), ಅಂದರೆ ಪ್ರೊಸೆಸರ್ ಪಕ್ಕದಲ್ಲೇ ಇರುವ ಸಣ್ಣ, ವೇಗದ ಮೆಮರಿಯ ಚಿತ್ರ ಬರೆದೆ. ಪ್ರೊಸೆಸರ್ ಒಂದು ಸಂಖ್ಯೆ ಕೇಳಿದರೂ ಮೆಮರಿಯಿಂದ ಕ್ಯಾಶ್‌ಗೆ ಸಾಮಾನ್ಯವಾಗಿ 64 ಬೈಟ್ ಒಟ್ಟಿಗೆ ಬರುತ್ತದೆ. ಅಂದರೆ 8 ಡಬಲ್ (8 ಬೈಟಿನ ದಶಮಾಂಶ ಸಂಖ್ಯೆ). ಸಿ ಭಾಷೆ ಮ್ಯಾಟ್ರಿಕ್ಸನ್ನು ಸಾಲು ಸಾಲಾಗಿ ಇಡುತ್ತದೆ. ಲೂಪುಗಳ ಕ್ರಮದಿಂದಾಗಿ ಕಾಲಮ್ ಹಿಡಿದು ಕೆಳಗಿಳಿದರೆ ಬಂದ 8ರಲ್ಲಿ ಒಂದನ್ನೇ ಬಳಸಿ ಮುಂದೆ ಹಾರುತ್ತೇವೆ. ಸಾಲು ಹಿಡಿದು ಹೋದರೆ ಎಂಟೂ ಉಪಯೋಗಕ್ಕೆ ಬರುತ್ತವೆ. ಲಿನಕ್ಸಿನ ಅಳತೆ ಸಾಧನ ಪರ್ಫ್‌ನಲ್ಲಿ ಕ್ಯಾಶ್ ಮಿಸ್ (ಬೇಕಾದ್ದು ಕ್ಯಾಶ್‌ನಲ್ಲಿ ಸಿಗದೇ ಹೋದ ಸಲಗಳು) ಎಣಿಸಿ ನೋಡಿದ ಮೇಲೆ ಅವಳಿಗೆ ಪೂರ್ತಿ ನಂಬಿಕೆ ಬಂತು.

ಅಳತೆ ಮಾಡುವ ಬಗ್ಗೆ ಇರುವ 10ನೇ ಪಾಠ ನಮ್ಮೂರಿಗೆ ಹೇಳಿ ಮಾಡಿಸಿದಂತಿದೆ. ಮೇ ತಿಂಗಳ ಬಿಸಿಲು, ಲ್ಯಾಬಿನಲ್ಲಿ ಎಸಿ ಇಲ್ಲ. ಲ್ಯಾಪ್‌ಟಾಪ್ ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ, ಅದೇ ಕೋಡ್ ಬೆಳಗ್ಗೆ ಒಂದು ಟೈಮ್, ಮಧ್ಯಾಹ್ನ ಇನ್ನೊಂದು ಟೈಮ್ ತೋರಿಸುತ್ತದೆ. ಒಂದೇ ಸಲ ಓಡಿಸಿ ನಂಬಬಾರದು ಅಂತ ಮಕ್ಕಳಿಗೆ ಬೇರೆ ಹೇಳಬೇಕಾಗಲಿಲ್ಲ.

ಕೊರತೆಯೂ ಇದೆ. 4ನೇ ಪಾಠಕ್ಕೇ ಅಸೆಂಬ್ಲಿ (ಪ್ರೊಸೆಸರ್‌ನ ಆದೇಶಗಳಲ್ಲೇ ಬರೆಯುವ ಭಾಷೆ) ಬಂದುಬಿಡುತ್ತದೆ. ಕಂಪ್ಯೂಟರ್ ಆರ್ಕಿಟೆಕ್ಚರ್ (ಕಂಪ್ಯೂಟರಿನ ಒಳರಚನೆ) ಗಟ್ಟಿ ಇಲ್ಲದವರು ಅಲ್ಲೇ ಕೈಬಿಡುತ್ತಾರೆ. ಇಂಗ್ಲಿಷ್ ವೇಗವೂ ಜಾಸ್ತಿ. ಕನ್ನಡ ಮೀಡಿಯಂನಿಂದ ಬಂದವರಿಗೆ ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾಯಿತು.

ಕಲಿಸುವವರು 1, 2 ಮತ್ತು 10ನೇ ಪಾಠ ಮೊದಲು ತೋರಿಸಿ, ಅಸೆಂಬ್ಲಿಯನ್ನು ಮುಂದಿನ ಸೆಮಿಸ್ಟರಿಗೆ ಇಟ್ಟುಕೊಳ್ಳಿ. ಲಿನಕ್ಸ್ ಇರುವ ಹಳೇ ಕಂಪ್ಯೂಟರ್ ಒಂದಿದ್ದರೂ ನಡೆಯುತ್ತದೆ.