ನಲಿ-ಕಲಿ: ಓದು ಬೇಗ ಕೈಹಿಡಿಯುತ್ತದೆ, ಬರಹಕ್ಕೆ ಮನೆಯ ನೆರವು ಬೇಕು

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿ, ಕಾರ್ಡುಗಳ ಮೂಲಕ ಓದು ಬರಹ ಕಲಿಸುವ ನಲಿ-ಕಲಿ ಪದ್ಧತಿಯ ಬಗ್ಗೆ ಶಿಕ್ಷಕರು ಬರೆದದ್ದೂ ತರಬೇತಿ ಕೈಪಿಡಿಗಳಲ್ಲಿ ಅಚ್ಚಾದದ್ದೂ ಬೇಕಾದಷ್ಟಿದೆ; ಮಗುವನ್ನು ಆ ಕೊಠಡಿಗೆ ಕಳುಹಿಸುವ ತಂದೆತಾಯಿಯರ ಕಡೆಯಿಂದ ಬಂದ ವಿಮರ್ಶೆ ಮಾತ್ರ ಕಡಿಮೆ. ನನ್ನ ಮಗಳು ಈ ಪದ್ಧತಿಯಲ್ಲಿಯೇ ಓದು ಕಲಿತವಳು. ಅವಳದೇ ವಯಸ್ಸಿನ ನಮ್ಮ ಅಣ್ಣನ ಮಗ ಬೆಂಗಳೂರಿನ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ, ನಾವೆಲ್ಲ ಕಲಿತ ಹಾಗೆ ಅ ಆ ಇ ಈ ಕ್ರಮದಲ್ಲಿ ಕಲಿಯುತ್ತಿದ್ದಾನೆ. ಎರಡೂ ಮಕ್ಕಳ ಪಕ್ಕದಲ್ಲಿ ಕುಳಿತು ಓದಿಸಿದ ಮೇಲೆ ನನಗೆ ಅನ್ನಿಸಿದ್ದಿಷ್ಟು: ಓದನ್ನು ಹತ್ತಿಸುವ ವಿಷಯದಲ್ಲಿ ನಲಿ-ಕಲಿಯ ಕ್ರಮಕ್ಕೆ ಸಾಟಿಯಾದದ್ದು ಹಣ ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ, ಆದರೆ ಬರಹದ ವಿಷಯದಲ್ಲಿಯೂ ಓದು ಬಂದ ನಂತರ ಏನನ್ನು ಓದಬೇಕೆಂಬ ವಿಷಯದಲ್ಲಿಯೂ ಅದು ಮಗುವನ್ನು ನಡುದಾರಿಯಲ್ಲಿ ಬಿಟ್ಟು ಹೋಗುತ್ತದೆ.

ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಗೆ ಹೋಗಿ, ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ನಡೆಯುತ್ತಿದ್ದ ಕಲಿಕೆಯನ್ನು ನೋಡಿ ಬಂದು, ಕನ್ನಡಕ್ಕೆ ಒಗ್ಗುವಂತೆ ತಾವೇ ಕಾರ್ಡುಗಳನ್ನು ಬರೆದರು. ಆ ತಾಲ್ಲೂಕಿನ ಪರಿಸ್ಥಿತಿ ತಿಳಿದವರಿಗೆ ಇದರ ಅಗತ್ಯ ತಕ್ಷಣ ಅರ್ಥವಾಗುತ್ತದೆ. ಕಾಡಂಚಿನ ಜೇನುಕುರುಬ, ಕಾಡುಕುರುಬ ಹಾಡಿಗಳ ಮಕ್ಕಳು, ಕೂಲಿಗಾಗಿ ಊರು ಬಿಟ್ಟು ಹೋಗಿ ಬರುವ ಕುಟುಂಬಗಳ ಮಕ್ಕಳು ವರ್ಷವಿಡೀ ಒಂದೇ ಸಮನೆ ಶಾಲೆಗೆ ಬರುವುದು ಕಷ್ಟ. ಪಠ್ಯಪುಸ್ತಕದ ಪಾಠ ಅಂಥವರಿಗಾಗಿ ಕಾಯುವುದಿಲ್ಲ. ಕಾರ್ಡಿನ ಕಲಿಕೆಯಲ್ಲಾದರೆ ಮಗು ರಜೆಯ ನಂತರ ಬಂದು, ತಾನು ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಮುಂದುವರಿಯಬಹುದು. 2009–10ರಲ್ಲಿ ಸರ್ಕಾರವು ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು.

ನಲಿ-ಕಲಿಯ ನಿಜವಾದ ಬಂಡವಾಳ ಇರುವುದು ಅದರ ಅಕ್ಷರಗಳ ಕ್ರಮದಲ್ಲಿ. ಹಾಡು, ಆಟ, ಬಣ್ಣದ ಚಿತ್ರ ಇವೆಲ್ಲ ಇಂದು ಯಾವ ಶಾಲೆಯಲ್ಲಾದರೂ ಇವೆ. ಆದರೆ ಇಲ್ಲಿ ಮೊದಲ ಗುಂಪಿನಲ್ಲಿ ಬರುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳು. ಅ ಒಂದನ್ನು ಬಿಟ್ಟರೆ ಉಳಿದ ನಾಲ್ಕಕ್ಕೂ ತಲೆಕಟ್ಟು ಇದೆ. ಅದರ ಕೆಳಗೆ ದುಂಡಗಿನ ಗೆರೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಇದಕ್ಕಿಂತ ಮುಖ್ಯವಾದ ಲಾಭ ಇನ್ನೊಂದಿದೆ. ಈ ಐದೇ ಅಕ್ಷರಗಳಿಂದ, ಒಂದೂ ಗುಣಿತದ ಚಿಹ್ನೆಯ ಹಂಗಿಲ್ಲದೆ, ಸರ, ದರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಎರಡನೆಯ ಗುಂಪಿನ ಜ, ವ, ಮ, ಬ, ನ ಸೇರಿದೊಡನೆ ಮರ, ಜನ, ವನ, ಮಗ, ನಗರ, ಬಸವ ಎಲ್ಲವೂ ಮಗುವಿನ ಕೈಗೆ ಬರುತ್ತವೆ. ವ ಬರೆಯಲು ಕಲಿತ ಕೈ ಅದಕ್ಕೊಂದು ಬಾಲ ಎಳೆದು ಮ ಮಾಡುತ್ತದೆ. ಹೀಗೆ ವರ್ಣಮಾಲೆಯ ಕಾಲು ಭಾಗವೂ ಮುಗಿಯುವ ಮೊದಲೇ ಮಗು ಅರ್ಥವಿರುವ ಪದಗಳನ್ನು ಓದುತ್ತಿರುತ್ತದೆ, ಮತ್ತು ತಾನು ಓದುತ್ತಿದ್ದೇನೆಂಬುದು ಅದಕ್ಕೆ ಗೊತ್ತಿರುತ್ತದೆ. ಮಗಳು ಬಸ್ಸಿನ ಬೋರ್ಡಿನಲ್ಲಿ ‘ನಗರ’ ಎಂಬಷ್ಟನ್ನು ಮಾತ್ರ ಓದಿ, ಉಳಿದದ್ದು ತನಗೆ ಇನ್ನೂ ಬಂದಿಲ್ಲವೆಂದು ಸ್ವಲ್ಪವೂ ಸಂಕೋಚವಿಲ್ಲದೆ ಹೇಳುತ್ತಿದ್ದಳು.

ಇದರ ಪಕ್ಕದಲ್ಲಿ ಹಳೆಯ ಕ್ರಮವನ್ನು ಇಟ್ಟು ನೋಡಿ. ನಲವತ್ತೊಂಬತ್ತು ಅಕ್ಷರಗಳ ಮಾಲೆ ಉಚ್ಚಾರಣೆಯ ದೃಷ್ಟಿಯಿಂದ ಅಪೂರ್ವವಾಗಿ ಜೋಡಣೆಯಾದದ್ದು. ಕಂಠದಿಂದ ತುಟಿಯವರೆಗೆ ಧ್ವನಿಗಳು ಸಾಲುಗಟ್ಟಿ ನಿಲ್ಲುವ ಆ ಶಿಸ್ತನ್ನು ನಾನು ಗೌರವಿಸುತ್ತೇನೆ. ಆದರೆ ಅದು ಕಲಿತವರಿಗೆ ಒಪ್ಪುವ ವ್ಯವಸ್ಥೆಯೇ ಹೊರತು ಕಲಿಯುವವರಿಗೆ ಹೊಂದುವ ಮೆಟ್ಟಿಲಲ್ಲ. ಐದು ವರ್ಷದ ಮಗು ಮೊದಲ ವಾರಗಳಲ್ಲೇ ಋ, ಐ, ಔ ಬರೆಯಬೇಕು, ಋಷಿಯನ್ನೂ ಐರಾವತವನ್ನೂ ಚಿತ್ರದಲ್ಲಿ ಗುರುತಿಸಬೇಕು, ಮುಂದೆ ಯಾವ ಪದದಲ್ಲಿಯೂ ಬಿಡಿಯಾಗಿ ಕಾಣಸಿಗದ ಙ, ಞ ಅಕ್ಷರಗಳನ್ನು ತಿದ್ದಬೇಕು. ಹದಿಮೂರು ಸ್ವರಗಳನ್ನು ಕಲಿತ ಮೇಲೂ ಅದಕ್ಕೆ ಓದಲು ಒಂದು ಪದ ದಕ್ಕುವುದಿಲ್ಲ. ಅಣ್ಣನ ಮಗ ವರ್ಣಮಾಲೆಯನ್ನು ರಾಗವಾಗಿ ಒಪ್ಪಿಸುತ್ತಾನೆ, ಕ ಕಾ ಕಿ ಕೀ ಎಂದು ಕಾಗುಣಿತವನ್ನೂ ಉಸಿರುಕಟ್ಟಿ ಹೇಳುತ್ತಾನೆ. ನಡುವಿನಿಂದ ‘ಕು’ ಒಂದನ್ನೇ ತೋರಿಸಿ ಕೇಳಿದರೆ ‘ಕ’ದಿಂದ ಎಣಿಸಿಕೊಂಡು ಬರುತ್ತಾನೆ. ಮೂವತ್ತನಾಲ್ಕು ವ್ಯಂಜನಗಳಿಗೆ ಸ್ವರಚಿಹ್ನೆಗಳೆಲ್ಲ ಸೇರಿದರೆ ಸುಮಾರು 500 ರೂಪಗಳಾಗುತ್ತವೆ, ಅವನ್ನು ಕೋಷ್ಟಕವಾಗಿ ಬಾಯಿಪಾಠ ಮಾಡಿಸುವುದರಿಂದ ಓದು ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ಬರಬೇಕಿತ್ತು. ನಲಿ-ಕಲಿಯಲ್ಲಿ ಚಿಹ್ನೆಗಳು ಒಂದೊಂದಾಗಿ, ಮಗುವಿಗೆ ಆಗಲೇ ಪರಿಚಯವಾದ ಅಕ್ಷರಗಳ ಮೇಲೆ ಕೂರುತ್ತ ಬರುತ್ತವೆ. ಮರ ಓದಿದ ಮಗು ಮಾರ ಓದುತ್ತದೆ, ಸರ ಓದಿದ ಮಗು ಸಾರ ಓದುತ್ತದೆ.

ಕೊಠಡಿಯ ವ್ಯವಸ್ಥೆಯನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರ ಒಂದೊಂದು ಮೈಲಿಗಲ್ಲಿನಲ್ಲಿಯೂ ಮಾಡಬೇಕಾದ ಚಟುವಟಿಕೆಗಳು ಪ್ರಾಣಿ, ಪಕ್ಷಿಗಳ ಲೋಗೊಗಳಾಗಿ ಕ್ರಮವಾಗಿ ಚಿತ್ರಿತವಾಗಿರುತ್ತವೆ. ಮಗು ತನ್ನ ಲೋಗೊ ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ಅದಕ್ಕೆ ಹೊಂದುವ ಗುಂಪಿನ ಗುರುತಾದ ತಟ್ಟೆಯ ಸುತ್ತ ಹೋಗಿ ಕೂರುತ್ತದೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ಬೆಂಬಲದ್ದರಿಂದ ಹಿಡಿದು, ಭಾಗಶಃ ಬೆಂಬಲದ್ದು, ಸಹಪಾಠಿಗಳ ಬೆಂಬಲದ್ದು ಇತ್ಯಾದಿಯಾಗಿ, ಮಗು ತಾನೊಂದೇ ಕೆಲಸ ಮಾಡುವ ಸ್ವಕಲಿಕೆಯವರೆಗೆ. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದ ಹಾಳೆಗಳು ತೂಗುತ್ತಿರುತ್ತವೆ, ಗೋಡೆಯ ಕೆಳಭಾಗದಲ್ಲಿ ಅವರ ಎತ್ತರಕ್ಕೇ ಕಪ್ಪುಹಲಗೆ ಇರುತ್ತದೆ. ಪ್ರತ್ಯೇಕ ಪರೀಕ್ಷೆಯಿಲ್ಲ, ಮೌಲ್ಯಮಾಪನವೂ ಏಣಿಯ ಮೇಲಿನ ಒಂದು ಮೆಟ್ಟಿಲು.

ಇಷ್ಟೆಲ್ಲ ಚೆಂದವಾಗಿ ನಡೆಯುವುದು ಕೊಠಡಿಯಲ್ಲಿ ಮಕ್ಕಳ ಸಂಖ್ಯೆ ಹಿಡಿತದಲ್ಲಿದ್ದಾಗ ಮಾತ್ರ. ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಲೆಕ್ಕ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು. ಹಾಗಾಗಿ ಒಬ್ಬ ಶಿಕ್ಷಕಿಯ ಮುಂದೆ ಮೂರು ತರಗತಿಗಳ ಮೂವತ್ತು ಮಕ್ಕಳು, ಮೂವತ್ತು ಬೇರೆ ಬೇರೆ ಮೆಟ್ಟಿಲುಗಳಲ್ಲಿ ನಿಂತಿರುವುದು ಅಸಹಜವೇನಲ್ಲ. ಆಗ ಪೂರ್ಣ ಬೆಂಬಲದ ಗುಂಪು ಅವರ ಸಮಯವನ್ನೆಲ್ಲ ನುಂಗಿಹಾಕುತ್ತದೆ. ಸ್ವಕಲಿಕೆಯ ಗುಂಪಿನಲ್ಲಿ ಕುಳಿತ ಮಗು ಏನು ಬರೆಯುತ್ತಿದೆ ಎಂದು ತಿರುಗಿ ನೋಡಲು ಬಿಡುವು ಸಿಗುವುದಿಲ್ಲ. ಬರಹದ ತೊಂದರೆಗಳೆಲ್ಲ ಬೇರು ಬಿಡುವುದು ಇಲ್ಲಿಯೇ. ಓದು ತಪ್ಪಾದರೆ ಪಕ್ಕದ ಮಗುವಿನ ಕಿವಿಗೆ ಬೀಳುತ್ತದೆ, ಅದು ತಿದ್ದುತ್ತದೆ. ಬರಹ ತಪ್ಪಾದರೆ ಅದು ಮೌನವಾಗಿ ಪುಸ್ತಕದಲ್ಲಿ ಉಳಿದುಬಿಡುತ್ತದೆ.

ಯಾವ ತಪ್ಪುಗಳು ಉಳಿಯುತ್ತವೆಂಬುದನ್ನು ಪೋಷಕರು ಗಮನಿಸಬೇಕು. ಮೊದಲನೆಯದು ದೀರ್ಘದ ಚಿಹ್ನೆ: ಕೀಲಿ ಎಂಬುದು ಕಿಲಿ ಆಗುತ್ತದೆ, ಬೇಲಿ ಎಂಬುದು ಬೆಲಿ ಆಗುತ್ತದೆ, ಓದುವಾಗ ಮಗು ಸರಿಯಾಗಿಯೇ ಎಳೆದು ಓದುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎರಡನೆಯದು ಹಳೆ ಮೈಸೂರು ಕಡೆಯ ಹಕಾರ: ಹಾಲನ್ನು ಆಲು ಎನ್ನುವ ಮನೆಯ ಮಗು ಆಲು ಎಂದೇ ಬರೆಯುತ್ತದೆ. ಇದಕ್ಕೆ ಮಗುವಿನ ಮಾತನ್ನು ಗೇಲಿ ಮಾಡುವ ಅಗತ್ಯವಿಲ್ಲ; ಮಾತಿನಲ್ಲಿ ಹಾಗೆ, ಬರಹದಲ್ಲಿ ಹೀಗೆ ಎಂದು ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರೆ ಸಾಕು. ಮೂರನೆಯದು ಕೊಂಬಿನದು. ಕು, ಸು, ಮು ಎಲ್ಲಕ್ಕೂ ಕೊಂಬು ಬಲಗಡೆಗೆ ಬರುವುದಾದರೆ ಪು, ಫು, ವು ಮೂರಕ್ಕೆ ಮಾತ್ರ ಕೆಳಕ್ಕೆ ಇಳಿಯುತ್ತದೆ. ಇದನ್ನು ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಿದರೆ ಮಗು ಮರೆಯುವುದಿಲ್ಲ, ಹೇಳದಿದ್ದರೆ ನಾಲ್ಕನೆಯ ತರಗತಿಯಲ್ಲಿಯೂ ‘ವು’ವನ್ನು ‘ಮ’ದಂತೆ ಬರೆಯುತ್ತಿರುತ್ತದೆ.

ಒತ್ತಕ್ಷರದ ಬಗ್ಗೆ ನನ್ನ ತಕರಾರು ಸ್ವಲ್ಪ ದೊಡ್ಡದು. ಏಣಿಯಲ್ಲಿ ಒತ್ತುಗಳು ಗುಣಿತವೆಲ್ಲ ಮುಗಿದ ಮೇಲೆ ಬರುತ್ತವೆ. ಆಕಾರದ ಲೆಕ್ಕದಲ್ಲಿ ಇದು ಸರಿ; ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲವಾದ್ದರಿಂದ ಅವಕ್ಕೆ ಸಮಯ ಬೇಕು. ಆದರೆ ಮಗುವಿನ ಪ್ರಪಂಚದ ಮೊದಲ ಪದಗಳೇ ಒತ್ತಿನವು: ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಗರಗಸವನ್ನು ಓದಬಲ್ಲ ಮಗು ಅಮ್ಮ ಎಂದು ಬರೆಯಲು ಬಹುಕಾಲ ಕಾಯಬೇಕಾಗುತ್ತದೆ, ಅದೂ ಗರಗಸವನ್ನು ಎಂದೂ ಕಣ್ಣಾರೆ ಕಾಣದ ಮಗು. ಇಂಥ ಏಳೆಂಟು ಪದಗಳನ್ನು ನಿಯಮದ ಗೊಡವೆಗೆ ಹೋಗದೆ ಇಡಿಯಾಗಿ, ಚಿತ್ರದಂತೆ, ಮೊದಲಿನಿಂದಲೇ ಗುರುತಿಸಲು ಕಲಿಸಿದರೆ ಏಣಿಯ ಕ್ರಮಕ್ಕೇನೂ ಭಂಗ ಬರುವುದಿಲ್ಲ. ಮನೆಯಲ್ಲಿ ನಾವು ಮಾಡಿದ್ದೂ ಅದನ್ನೇ.

ಇನ್ನೊಂದು ಕೊರತೆ, ಕಾರ್ಡುಗಳು ಮನೆಗೆ ಬರುವುದಿಲ್ಲ. ಅವು ಹತ್ತಾರು ಮಕ್ಕಳ ಕೈಬದಲಾಗುವ ಸಾಮಗ್ರಿಯಾದ್ದರಿಂದ ಹಾಗಿರಲೇಬೇಕು. ಆದರೆ ಚೀಲದಲ್ಲಿ ಪಾಠವಿಲ್ಲ, ಹೋಂವರ್ಕ್ ಇಲ್ಲ ಎಂದು ಕಂಡ ಪೋಷಕರು ಶಾಲೆಯಲ್ಲಿ ಏನೂ ನಡೆಯುತ್ತಿಲ್ಲವೆಂದು ತಿಳಿಯುತ್ತಾರೆ, ಕೆಲವರು ಮಗುವನ್ನು ಬಿಡಿಸಿ ಕಾನ್ವೆಂಟಿಗೆ ಸೇರಿಸುತ್ತಾರೆ. ಅಭ್ಯಾಸ ಪುಸ್ತಕವನ್ನಾದರೂ ವಾರಕ್ಕೊಮ್ಮೆ ಮನೆಗೆ ಕಳುಹಿಸಿ, ಮಗು ಈಗ ಯಾವ ಮೈಲಿಗಲ್ಲಿನಲ್ಲಿದೆ ಎಂದು ಒಂದು ಸಾಲು ಬರೆದರೆ ಈ ಅಪನಂಬಿಕೆಯ ಅರ್ಧ ಭಾಗ ಕರಗಿಹೋಗುತ್ತದೆ.

ಮನೆಯಲ್ಲಿ ಇದೇ ಕ್ರಮವನ್ನು ಅನುಸರಿಸಲು ಖರ್ಚಿಲ್ಲ. ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಹತ್ತು ಅಕ್ಷರ ಬರೆದರೆ ಮೊದಲ ಎರಡು ಗುಂಪು ಸಿದ್ಧವಾಯಿತು. ಅಂಗಡಿಯಲ್ಲಿ ಸಿಗುವ ಚುಕ್ಕಿ ಅಕ್ಷರಗಳ ಅಭ್ಯಾಸ ಪುಸ್ತಕಗಳನ್ನು ನಾನು ಶಿಫಾರಸು ಮಾಡಲಾರೆ. ಅವುಗಳಲ್ಲಿ ಬಹುಪಾಲು ವರ್ಣಮಾಲೆಯ ಕ್ರಮದವು. ಚುಕ್ಕಿಗಳು ಅಕ್ಷರದ ಆಕಾರವನ್ನು ತೋರಿಸುತ್ತವೆಯೇ ವಿನಾ ಎಲ್ಲಿಂದ ಹಿಡಿದು ಯಾವ ಕಡೆಗೆ ಎಳೆಯಬೇಕೆಂದು ತೋರಿಸುವುದಿಲ್ಲ, ಮಗು ತೋಚಿದ ಕಡೆಯಿಂದ ಗೀಚಿ ಪುಟ ತುಂಬಿಸುತ್ತದೆ. ಸ್ಲೇಟು ಬಳಪವೇ ಮೇಲು. ದೊಡ್ಡದಾಗಿ ಬರೆಯಬಹುದು, ಅಳಿಸಬಹುದು, ದೊಡ್ಡವರು ಪಕ್ಕದಲ್ಲಿ ಕುಳಿತು ಕೈ ಹಿಡಿದು ತಿದ್ದಿಸಬಹುದು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ನಂತರ ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಒಂದು ಭಾಷೆಯಾಗಿ ಕಡ್ಡಾಯವಾಗಿರುವುದರಿಂದ, ಮನೆಯಲ್ಲಿ ಕನ್ನಡವನ್ನಾಡದ ಮಕ್ಕಳ ಪೋಷಕರಿಗೂ ಈ ಹತ್ತು ಅಕ್ಷರಗಳ ಕಟ್ಟು ಉಪಯೋಗಕ್ಕೆ ಬರುತ್ತದೆ. ಅಣ್ಣನ ಮನೆಗೂ ಒಂದು ಕಟ್ಟು ಕೊಟ್ಟು ಬಂದಿದ್ದೇನೆ.

ಓದು ಬಂದ ಮೇಲೆ ಓದಲು ಏನು ಕೊಡಬೇಕೆಂಬುದು ಉಳಿಯುತ್ತದೆ. ಕೊಠಡಿಯ ವಾಚಕಗಳು ಬೇಗ ಮುಗಿಯುತ್ತವೆ. ನಾಲ್ಕನೆಯ ತರಗತಿಗೆ ಕಾಲಿಟ್ಟೊಡನೆ ಕಾರ್ಡು, ಲೋಗೊ, ತಟ್ಟೆ ಎಲ್ಲ ಹೋಗಿ ಉದ್ದುದ್ದ ಪಾಠಗಳ ಪಠ್ಯಪುಸ್ತಕ ಎದುರಾಗುತ್ತದೆ. ಒಂದು ಸಾಲಿನಿಂದ ಒಂದು ಪುಟಕ್ಕೆ ಹಾರಬೇಕಾದ ಈ ಅಂತರವನ್ನು ಮೂರನೆಯ ತರಗತಿಯಲ್ಲಿಯೇ ಕಥೆಪುಸ್ತಕಗಳಿಂದ ತುಂಬಿಸಬೇಕು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಣೆಯಾಗಿ, ಉಚಿತವಾಗಿ ಸಿಗುತ್ತವೆ. ಮೊದಲ ಹಂತದವನ್ನು ಎರಡನೆಯ ತರಗತಿಯ ಮಗು ತಾನೇ ಓದಿಕೊಳ್ಳಬಲ್ಲದು. ಮೊಬೈಲು ಬೇಡವೆನ್ನುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ಮಗುವನ್ನು ಸೇರಿಸುವ ಮುನ್ನ ಶಾಲೆಗೆ ಹೋಗಿ ನೋಡುವವರು ಗೋಡೆಯ ಬಣ್ಣವನ್ನು ಬಿಟ್ಟು ಕಾರ್ಡುಗಳನ್ನು ನೋಡಲಿ. ಅಂಚು ಸವೆದು ಬೆರಳ ಗುರುತು ಬಿದ್ದಿರುವ ಕಾರ್ಡುಗಳಿದ್ದರೆ ಧೈರ್ಯವಾಗಿ ಸೇರಿಸಬಹುದು. ಹೊಸದರಂತೆ ಹೊಳೆಯುತ್ತಿದ್ದರೆ, ಆ ಕಾರ್ಡುಗಳು ವಾರಕ್ಕೆ ಎಷ್ಟು ಬಾರಿ ಬೀರುವಿನಿಂದ ಹೊರಬರುತ್ತವೆ ಎಂದು ಮಕ್ಕಳನ್ನೇ ಕೇಳುವುದು ಒಳ್ಳೆಯದು.